ಹದಿನೈದು ಇಂಚಿನ ಕಾಯಿಲ್ ಯಾಕೆ ಕೂಗಿತು

ಹೊರೇಸ್: ಬೇರೆಲ್ಲ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು. ಅದೇ ಡಿಟೆಕ್ಟರು, ಅದೇ ಕಾಯಿಲ್ಲು, ಅದೇ ನೆಲ. ನನ್ನ ಕೈಲಿದ್ರೆ ಕೂಗುತ್ತೆ, ನಿನ್ನ ಕೈಗೆ ಕೊಟ್ರೆ ಬಾಯಿ ಮುಚ್ಕೊಳ್ಳುತ್ತೆ. ಯಾಕೆ?

ಶಾಲೆಯೊಂದರ ಭೌತಶಾಸ್ತ್ರ ಪ್ರಯೋಗಾಲಯವನ್ನು ಇಪ್ಪತ್ತು ವರ್ಷ ನೋಡಿಕೊಂಡ ನನ್ನಂಥವನಿಗೆ, ಆ ಪ್ರಶ್ನೆಗೆ ಉತ್ತರವಿಲ್ಲವೆಂದು ಒಪ್ಪಿಕೊಳ್ಳುವುದು ನವೆಂಬರಿನ ಕೆಸರಿನಲ್ಲಿ ನಿಲ್ಲುವುದಕ್ಕಿಂತ ಕಷ್ಟ. ನಾವು ನಿಂತಿದ್ದುದು ಅಂಥ ಕೆಸರಿನಲ್ಲೇ. ಇಂಗ್ಲೆಂಡಿನ ನಾರ್ಫೋಕಿನಲ್ಲಿ ಮಿಸೆಸ್ ಬನ್ ಅವರ ಹನ್ನೆರಡು ಎಕರೆಯ ಹೊಲ ಸೋಮವಾರ ಬೇರೆಯವರ ಪಾಲಾಗುವುದಿತ್ತು. ನೆಲದಡಿಯ ಲೋಹ ಹುಡುಕುವ ಡಿಟೆಕ್ಟರ್ ಹಿಡಿದವರನ್ನು ಬೇಲಿಯೊಳಗೆ ಬಿಡುವುದಿಲ್ಲವೆಂದು ಹೊಸ ಒಡೆಯರು ಆಗಲೇ ಪತ್ರ ಬರೆದಿದ್ದರು. ಅಂದು ಶನಿವಾರ, ನಮಗೆ ಉಳಿದಿದ್ದ ಕೊನೆಯ ದಿನ. ನಿವೃತ್ತ ಬಸ್ ಚಾಲಕ ಹೊರೇಸ್ ಲಾರ್ವುಡ್ ಅವರಿಗೆ ಅರವತ್ತೆಂಟು. ಹತ್ತೊಂಬತ್ತು ವರ್ಷಗಳ ಹುಡುಕಾಟದಲ್ಲಿ ಅವರಿಗೆ ಅಂಗಿ ಗುಂಡಿಗಳು, ಸೀಸದ ಗುಂಡುಗಳು, ಟ್ರ್ಯಾಕ್ಟರಿನ ಬೋಲ್ಟುಗಳು ಬೇಕಾದಷ್ಟು ಸಿಕ್ಕಿದ್ದವು. ಸುತ್ತಿಗೆಯಿಂದ ಬಡಿದು ಅಚ್ಚೊತ್ತಿದ ಹಳೆಯ ಕಾಲದ ಬೆಳ್ಳಿ ನಾಣ್ಯ ಮಾತ್ರ ಒಂದೂ ಸಿಕ್ಕಿರಲಿಲ್ಲ. ಡಿಟೆಕ್ಟರ್ ಹವ್ಯಾಸಿಗಳ ನಮ್ಮ ಕ್ಲಬ್ಬಿನಲ್ಲಿ ಅದು ಸಿಗದೇ ಉಳಿದವರು ಅವರೊಬ್ಬರೇ. ಅದಕ್ಕಾಗಿ ಅಂದು ಡಿಟೆಕ್ಟರಿನ ತುದಿಯಲ್ಲಿದ್ದ, ನೆಲದ ಮೇಲೆ ಬೀಸುವ ಒಂಬತ್ತು ಇಂಚಿನ ದುಂಡನೆಯ ಕಾಯಿಲನ್ನು ಬಿಚ್ಚಿ, ಪರಾತದಷ್ಟು ಅಗಲದ ಹದಿನೈದು ಇಂಚಿನ ಕಾಯಿಲನ್ನು ಜೋಡಿಸಿಕೊಂಡು ಬಂದಿದ್ದರು.

ನಾನು: ಮೊದಲೇ ಹೇಳಿದ್ದೆ ನಿಮಗೆ. ಕಾಯಿಲ್ ದೊಡ್ಡದಾದಷ್ಟೂ ಆಳಕ್ಕೆ ಹೋಗುತ್ತೆ, ಆದ್ರೆ ಸಣ್ಣ ವಸ್ತು ಅದಕ್ಕೆ ಕಾಣಲ್ಲ. ನೀವು ಹುಡುಕ್ತಿರೋದು ಹೆಬ್ಬೆರಳ ಉಗುರಿನಷ್ಟು ಬೆಳ್ಳಿ. ತಂದಿರೋದು ತಿಮಿಂಗಿಲ ಹಿಡಿಯೋ ಬಲೆ.

ಹೊರೇಸ್: ತಿಮಿಂಗಿಲದ ಬಲೆಗೆ ಸಣ್ಣ ಮೀನು ಬೀಳಬಾರದು ಅಂತ ಕಾನೂನಿದೆಯಾ?

ನಾನು: ಕಾನೂನಿಲ್ಲ. ತೂತು ದೊಡ್ಡದು.

ಹೊರೇಸ್: ಹಾಗಾದ್ರೆ ಏನೂ ಕಾಣದ ಯಂತ್ರ ಬೆಳಗಿನಿಂದ ಯಾರನ್ನ ಕೂಗಿ ಕರೀತಿದೆ? ನಿನ್ನನ್ನಂತೂ ಅಲ್ಲ.

ಯಂತ್ರ ಬೆಳಗಿನಿಂದ ಕೂಗುತ್ತಲೇ ಇತ್ತು ಎಂಬುದು ನಿಜ. ಎರಡು ಹೆಜ್ಜೆಗೊಮ್ಮೆ ಕೂಗುತ್ತಿತ್ತು. ಅದನ್ನು ನಂಬಿ ಹೊರೇಸ್ ಏಳು ಕಡೆ ಅಗೆದಿದ್ದರು. ಏಳರಲ್ಲೂ ಮಣ್ಣಿನ ಹೊರತು ಏನೂ ಇರಲಿಲ್ಲ. ನನ್ನ ಚಿಕ್ಕ ಕಾಯಿಲ್ ಆ ಏಳೂ ಜಾಗಗಳಲ್ಲಿ ಮೌನವಾಗಿತ್ತು.

ನಾನು: ಗಮನಿಸಿದ್ರಾ? ನೀವು ಕಾಯಿಲನ್ನ ಎಡಕ್ಕೆ ಬೀಸಿದಾಗ ಮಾತ್ರ ಕೂಗುತ್ತೆ. ಎಡಗಡೆ ನೋಡಿ, ವಿದ್ಯುತ್ ತಂತಿ. ಅದರದೇ ಗದ್ದಲ ಇದು. ಮುಗೀತು.

ಹೊರೇಸ್ ಹಿಂದಕ್ಕೆ ತಿರುಗಿ ನಿಂತು ಕಾಯಿಲನ್ನು ಮತ್ತೆ ಎಡಕ್ಕೆ ಬೀಸಿದರು. ಅದು ಮತ್ತೆ ಕೂಗಿತು.

ಹೊರೇಸ್: ನಾನು ತಿರುಗಿದ್ದು ನೋಡಿ ತಂತಿ ಕಂಬನೂ ಈ ಕಡೆ ಬಂತಾ?

ನಾನು: ಹಾಗಿದ್ರೆ ನಿಮ್ಮ ಮೈಮೇಲೇ ಏನೋ ಇದೆ. ಜೇಬಲ್ಲಿರೋದೆಲ್ಲ ತೆಗೀರಿ.

ಹೊರೇಸ್: ಇದೇನಯ್ಯ, ಪೊಲೀಸ್ ತಪಾಸಣೆನಾ?

ನಾನು: ವಿಜ್ಞಾನ. ಒಂದೊಂದಾಗಿ ತೆಗೆದು ನೋಡಿದ್ರೆ ಅಪರಾಧಿ ಸಿಕ್ಕೇ ಸಿಗ್ತಾನೆ.

ಹೊರೇಸ್ ಬೀಗದ ಕೈ ಕೊಟ್ಟರು. ಯಂತ್ರ ಕೂಗಿತು. ಚಾಕು ಕೊಟ್ಟರು, ಕೂಗಿತು. ಹೊಗೆಸೊಪ್ಪಿನ ಡಬ್ಬಿ, ಕನ್ನಡಕ, ಕೈಗಡಿಯಾರ ಎಲ್ಲವೂ ನನ್ನ ಟೋಪಿಯೊಳಕ್ಕೆ ಬಂದುವು. ಯಂತ್ರದ ಉತ್ಸಾಹ ಸ್ವಲ್ಪವೂ ಕುಂದಲಿಲ್ಲ.

ನಾನು: ಬೆಲ್ಟು.

ಹೊರೇಸ್: ಬೆಲ್ಟ್ ತೆಗೆದ್ರೆ ಪ್ಯಾಂಟು ಯಾರು ಹಿಡ್ಕೊಳ್ಳೋರು?

ನಾನು: ಒಂದು ಕೈ ಖಾಲಿ ಇದೆಯಲ್ಲ.

ಹೊರೇಸ್: ಮನೇಲಿ ಐವಿಗೆ ಗೊತ್ತಾದ್ರೆ ನಿನ್ನ ಜೊತೆ ಇನ್ನು ಕಳಿಸಲ್ಲ.

ಬೆಲ್ಟೂ ಬಂತು. ಒಂದು ಕೈಯಲ್ಲಿ ಪ್ಯಾಂಟನ್ನೂ ಇನ್ನೊಂದರಲ್ಲಿ ಡಿಟೆಕ್ಟರನ್ನೂ ಹಿಡಿದು ಹೊರೇಸ್ ನಾಲ್ಕು ಹೆಜ್ಜೆ ನಡೆದರು. ಯಂತ್ರ ನಾಲ್ಕಕ್ಕೆ ಎರಡು ಸಲ ಕೂಗಿತು.

ನಾನು: ಬೂಟು.

ಹೊರೇಸ್: ರಬ್ಬರು ಕಣಯ್ಯ ಅದು.

ನಾನು: ಅಟ್ಟೆಯೊಳಗೆ ಉಕ್ಕಿನ ಹಾಳೆ ಇಟ್ಟಿರ್ತಾರೆ. ತೆಗೀರಿ.

ಹೊರೇಸ್: ಈ ಕೆಸರಲ್ಲಿ? ನನ್ನ ಎಡಗಾಲ ಗಂಟು ಬೆಳಗಿನಿಂದ ಚುಚ್ತಿದೆ. ಮೂರು ಗಂಟೆಗೆ ಮಳೆ ಗ್ಯಾರಂಟಿ.

ನಾನು: ಹೊರೇಸ್, ಎಂದೋ ಫುಟ್‌ಬಾಲ್ ಆಡುವಾಗ ಉಳುಕಿದ ಕಾಲು ಹವಾಮಾನ ಇಲಾಖೆಯಲ್ಲ. ಕಾಲುಗಂಟಿಗೂ ಮಳೆಗೂ ಸಂಬಂಧ ಇದೆ ಅನ್ನೋಕೆ ಗಟ್ಟಿಯಾದ ಆಧಾರನೇ ಇಲ್ಲ. ತೆಗೀರಿ.

ಬೂಟು ಕಳಚಿ, ಹೆಂಡತಿ ಐವಿ ಹೆಣೆದ ಹಸಿರು ಕಾಲುಚೀಲದಲ್ಲಿ ಅವರು ಕೆಸರಿಗೆ ಇಳಿದರು. ಕಾಯಿಲನ್ನು ಎಡಕ್ಕೆ ಬೀಸಿದರು. ಅದು ಹಿಂದೆಂದಿಗಿಂತಲೂ ಸ್ಪಷ್ಟವಾಗಿ, ಹೆಚ್ಚುಕಡಿಮೆ ಸಂತೋಷದಿಂದ ಕೂಗಿತು. ಮಿಸೆಸ್ ಬನ್ ಬೇಲಿ ದಾಟಿ ಬಂದುದು ಅದೇ ಗಳಿಗೆಯಲ್ಲಿ. ಎಪ್ಪತ್ತರ ಆಕೆಯ ಜೊತೆ ಅಷ್ಟೇ ವಯಸ್ಸಾದಂತೆ ನಡೆಯುವ ನಾಯಿಯೊಂದಿತ್ತು. ಇಬ್ಬರೂ ಹೊರೇಸ್ ಅವರನ್ನು ಮೇಲಿಂದ ಕೆಳಕ್ಕೆ ನೋಡಿದರು.

ಮಿಸೆಸ್ ಬನ್: ನಾಣ್ಯ ಹುಡುಕ್ತೀವಿ ಅಂತ ಅಲ್ವಾ ನೀವು ಹೇಳಿದ್ದು?

ಹೊರೇಸ್: ಹೌದು ಮೇಡಂ. ಇದು ವಿಜ್ಞಾನ.

ಮಿಸೆಸ್ ಬನ್: ನಮ್ಮ ಕಾಲದಲ್ಲಿ ವಿಜ್ಞಾನಕ್ಕೆ ಬಟ್ಟೆ ಬಿಚ್ಚಬೇಕಿರಲಿಲ್ಲ.

ನಾನು: ಬೆಲ್ಟ್ ಮಾತ್ರ, ಮೇಡಂ. ಮತ್ತೆ ಬೂಟು. ಒಂದು ಅನುಮಾನ ಪರಿಹಾರ ಮಾಡ್ಕೊಳ್ತಿದ್ವಿ.

ಮಿಸೆಸ್ ಬನ್: ಮಾಡ್ಕೊಳ್ಳಿ. ನನಗೆ ಇರೋದು ಒಂದೇ ಅನುಮಾನ. ಅಲ್ಲಿಂದ ಇಲ್ಲಿವರೆಗೂ ಏಳು ಗುಂಡಿ ಎಣಿಸಿದೆ. ಏನು ಸಿಕ್ತು?

ಹೊರೇಸ್: ಇನ್ನೂ ಇಲ್ಲ.

ಮಿಸೆಸ್ ಬನ್: ಹಾಗಾದ್ರೆ ಇನ್ನೊಂದೇ ಗುಂಡಿ. ಮೂರು ಗಂಟೆಯೊಳಗೆ ಎಂಟನ್ನೂ ಮುಚ್ಚಿ, ಹುಲ್ಲಿನ ಮೇಲೆ ಒಂದು ಹೆಂಟೆನೂ ಇರಬಾರದು. ಹೊಸಬರಿಗೆ ಹೊಲ ಕೊಡ್ತಿದ್ದೀನಿ, ಜರಡಿ ಅಲ್ಲ.

ಹೊರೇಸ್ ಬೂಟು ಹಾಕಿಕೊಂಡು ಬೆಲ್ಟು ಬಿಗಿದರು. ಬಳಿಕ ಬಹಳ ಹೊತ್ತು ಎಲ್ಲೂ ನಿಲ್ಲದೆ ನಡೆದರು. ಯಂತ್ರ ಎಲ್ಲೆಡೆಯೂ ಕೂಗುವಾಗ ಒಂದೇ ಒಂದು ಜಾಗ ಆರಿಸಬೇಕಾದವನ ಕಷ್ಟ ಅವರ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ಓಕ್ ಮರದ ಬಳಿ ಸಲಿಕೆ ಊರಿದರು.

ನಾನು: ಇಲ್ಲೇ ಯಾಕೆ?

ಹೊರೇಸ್: ಇಲ್ಲಿ ಕೂಗೋವಾಗ ಕಾಲೂ ಚುಚ್ತು.

ನಾನು: ಇದಕ್ಕೆ ನಾನು ಏನೂ ಹೇಳಲ್ಲ.

ಹೊರೇಸ್: ನೀನು ಏನೂ ಹೇಳದಿದ್ದಾಗಲೇ ನಿನ್ನ ಮುಖ ಒಂದು ಪುಸ್ತಕದಷ್ಟು ಹೇಳುತ್ತೆ.

ಅವರು ಮೊಣಕಾಲಿನ ಆಳದವರೆಗೆ ಅಗೆದರು. ಗುಂಡಿ ಬರಿದಾಗಿತ್ತು. ಹೊರೇಸ್ ಅದರ ಅಂಚಿನಲ್ಲಿ ಕುಳಿತು ಫ್ಲಾಸ್ಕಿನ ಚಹಾವನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡರು. ಆದರೆ ಕುಡಿಯಲಿಲ್ಲ.

ಹೊರೇಸ್: ಕ್ಲಬ್ಬಲ್ಲಿ ಕಳೆದ ವರ್ಷ ಸೇರಿದ ಆ ದಂತವೈದ್ಯೆಗೆ ಎರಡನೇ ವಾರಕ್ಕೇ ಸಿಕ್ತು. ನನಗೆ ಹೊಟ್ಟೆಕಿಚ್ಚಿಲ್ಲ.

ನಾನು: ಗೊತ್ತು.

ಹೊರೇಸ್: ಇದೆ. ಇಲ್ಲ ಅಂದ್ರೆ ನೀನು ನಂಬ್ತೀಯೇನೋ ಅಂತ ನೋಡಿದೆ. ಬೇಡ ಬಿಡು, ಮುಚ್ಚಿಬಿಡೋಣ.

ಗುಂಡಿ ಮುಚ್ಚುವ ಮುನ್ನ ಮೇಲೆತ್ತಿದ ಮಣ್ಣಿನ ಮೇಲೆ ಒಮ್ಮೆ ಕಾಯಿಲ್ ಆಡಿಸುವುದು ನಮ್ಮಲ್ಲಿ ರೂಢಿ. ನಾನು ಅದನ್ನು ಹಲ್ಲುಜ್ಜುವಷ್ಟೇ ನಿರ್ಲಿಪ್ತವಾಗಿ ಮಾಡಿದೆ. ನನ್ನ ಒಂಬತ್ತು ಇಂಚಿನ ಕಾಯಿಲ್ ತೆಳ್ಳಗೆ, ಎತ್ತರದ ಸ್ವರದಲ್ಲಿ ಒಮ್ಮೆ ಉಲಿಯಿತು. ಹೆಂಟೆಯನ್ನು ಬೆರಳಲ್ಲಿ ಒಡೆದೆ. ಒಣಗಿದ ಎಲೆಯಷ್ಟು ತೆಳುವಾದ ಬೆಳ್ಳಿ ಬಿಲ್ಲೆಯೊಂದು ಹೊರಬಂತು. ಒಂದು ಬದಿಯಲ್ಲಿ ಉದ್ದ ತೋಳುಗಳ ಶಿಲುಬೆ, ಇನ್ನೊಂದು ಬದಿಯಲ್ಲಿ ಗಾಬರಿಯಾದಂತೆ ಕಾಣುವ ರಾಜನ ಮುಖ.

ಹೊರೇಸ್ ಅವರ ಕೈಯಿಂದ ಚಹಾ ಚೆಲ್ಲಿತು.

ಹೊರೇಸ್: ಅಯ್ಯೋ ನನ್ನಪ್ಪ. ನೋಡಿದೆಯಾ? ನನ್ನ ಪರಾತ ಕೂಗಿದ್ದು ಇದಕ್ಕೇ.

ನಾನು: ಇರಲಾರದು. ಇದು ಇಷ್ಟು ತೆಳ್ಳಗಿದೆ, ಅದೂ ಅಷ್ಟು ಆಳದಲ್ಲಿತ್ತು. ನಿಮ್ಮ ಕಾಯಿಲ್ಲಿಗೆ ಕೇಳಿಸೋಕೆ ಸಾಧ್ಯವೇ ಇಲ್ಲ. ನೋಡಿ, ಈಗ ಕಾಯಿಲನ್ನ ನಾಣ್ಯದ ಮೇಲೆ ಹಿಡೀರಿ, ನಿಮ್ಮಿಂದ ದೂರ.

ಅವರು ಕೈ ಚಾಚಿ ಹಿಡಿದರು. ಯಂತ್ರ ಉಸಿರೆತ್ತಲಿಲ್ಲ. ಹೊರೇಸ್ ಅವರ ಮುಖ ರಾಜನ ಮುಖದಂತಾಯಿತು.

ಹೊರೇಸ್: ಹಾಗಾದ್ರೆ ಇದು ನಿನ್ನದು.

ನಾನು: ನಾನು ಹಾಗೆ ಹೇಳಲಿಲ್ಲ.

ಹೊರೇಸ್: ಯಾರ ಕಾಯಿಲ್ಲಿಗೆ ಕೇಳಿಸ್ತೋ ಅವರದು. ಕ್ಲಬ್ಬಿನ ನಿಯಮ. ತಗೋ.

ನಾನು: ಗುಂಡಿ ನೀವು ಅಗೆದದ್ದು. ನನಗೆ ಬೇಡ.

ಹೊರೇಸ್: ಕನಿಕರದ ನಾಣ್ಯ ನನಗೂ ಬೇಡ.

ಐದು ನಿಮಿಷದ ಹಿಂದೆ ಸಿಗಲಿಲ್ಲವೆಂದು ಕೊರಗುತ್ತಿದ್ದ ವಸ್ತುವನ್ನು ನಾವು ಒಬ್ಬರ ಜೇಬಿಗೊಬ್ಬರು ತುರುಕಲು ಹೆಣಗುತ್ತಿದ್ದೆವು. ಮಿಸೆಸ್ ಬನ್ ಮತ್ತೆ ಬಂದರು.

ಮಿಸೆಸ್ ಬನ್: ಈಗ ಹೊಡೆದಾಟನಾ?

ನಾನು ವಿಷಯ ವಿವರಿಸಿದೆ. ಕಾಯಿಲ್ಲಿನ ವ್ಯಾಸ, ಸಂಕೇತದ ದುರ್ಬಲತೆ, ನೆಲದ ಖನಿಜಾಂಶ ಎಲ್ಲವನ್ನೂ ಹೇಳಿದೆ. ಆಕೆ ಕೊನೆಯವರೆಗೂ ಕೇಳಿದರು. ನಾಯಿ ಅರ್ಧದಲ್ಲೇ ಮಲಗಿತು.

ಮಿಸೆಸ್ ಬನ್: ಗುಂಡಿ ಯಾರದು?

ಹೊರೇಸ್: ನನ್ನದು.

ಮಿಸೆಸ್ ಬನ್: ಎಂಟೂ?

ಹೊರೇಸ್: ಎಂಟೂ.

ಮಿಸೆಸ್ ಬನ್: ಹೊಲ ಇವತ್ತಿನ ಮಟ್ಟಿಗೆ ನನ್ನದು. ಗುಂಡಿ ಮುಚ್ಚೋನಿಗೇ ನಾಣ್ಯ. ಹೊಲದ ಒಡತಿ ಅಂತ ನನಗೆ ಬರೋ ಪಾಲೂ ಅವನಿಗೇ. ಬೇಗ ಮುಚ್ಚಿ, ಮಳೆ ಬರ್ತಿದೆ.

ಮೂರಕ್ಕೆ ಇನ್ನೂ ಎರಡು ನಿಮಿಷವಿತ್ತು. ಮೊದಲ ಹನಿ ನನ್ನ ಕನ್ನಡಕದ ಮೇಲೇ ಬಿತ್ತು. ಹೊರೇಸ್ ನನ್ನನ್ನು ನೋಡಿದರು. ಎಡಗಾಲನ್ನು ಒಮ್ಮೆ ತಟ್ಟಿಕೊಂಡರು. ಸಲಿಕೆ ಎತ್ತಿಕೊಂಡ ಮೇಲೆ ಹಳೆಯ ಪ್ರಶ್ನೆಗೆ ಮರಳಿದರು.

ಹೊರೇಸ್: ನಾಣ್ಯಕ್ಕಲ್ಲ ಅಂತೀಯ. ಹಾಗಾದ್ರೆ ಯಾಕೆ ಕೂಗ್ತು?

ನಂತರದ ನಾಲ್ಕು ವರ್ಷಗಳಲ್ಲಿ ಕ್ಲಬ್ಬಿನ ಪತ್ರಿಕೆಗೆ ನಾನು ಈ ಕುರಿತು ಮೂರು ಲೇಖನ ಬರೆದೆ. ಒಂದು ಲವಣಯುಕ್ತ ಒದ್ದೆ ಮಣ್ಣಿನ ಬಗ್ಗೆ. ಇನ್ನೊಂದು ಕೇಬಲ್ಲಿನ ಸಡಿಲ ಜೋಡಣೆಯ ಬಗ್ಗೆ. ಮೂರನೆಯದು ಮೊದಲೆರಡನ್ನು ಖಂಡಿಸಿ. ಪ್ರತಿ ಶನಿವಾರ ಹೊರೇಸ್ ಅವರ ಮನೆಯಲ್ಲಿ ಚಹಾ ಕುಡಿಯುತ್ತ ಅವುಗಳನ್ನು ಚರ್ಚಿಸುತ್ತಿದ್ದೆವು. ಅವರು ಕನ್ನಡಕ ಏರಿಸಿಕೊಂಡು, ಕೆಲವು ಸಾಲುಗಳನ್ನು ಎರಡೆರಡು ಸಲ ಓದಿಸಿ, ಗಂಭೀರವಾಗಿ ತಲೆದೂಗುತ್ತಿದ್ದರು. ಕೆಲವೊಮ್ಮೆ ಅಡುಗೆಮನೆಯಿಂದ ಐವಿ ಕೆಮ್ಮುವುದು ಕೇಳಿಸುತ್ತಿತ್ತು.

ಕಳೆದ ಮಾರ್ಚಿನಲ್ಲಿ ಹೊರೇಸ್ ತೀರಿಕೊಂಡರು. ದಹನಕ್ಕೆ ಸಂಬಂಧಿಸಿದ ಅರ್ಜಿಯನ್ನು ತುಂಬಿಕೊಡುವಂತೆ ಐವಿ ನನ್ನನ್ನು ಕರೆದರು. ದೇಹದಲ್ಲಿ ಲೋಹದ ಭಾಗಗಳೇನಾದರೂ ಇವೆಯೇ ಎಂದು ಒಂದು ಕಡೆ ಕೇಳಿದ್ದರು. ನಾನು ಇಲ್ಲ ಎಂದು ಬರೆದೆ.

ಐವಿ: ಇಲ್ಲ ಅಂತ ಬರೀಬೇಡಿ ನೆವಿಲ್. ಎಡಗಾಲ ಗಂಟಲ್ಲಿ ಒಂದು ಉಕ್ಕಿನ ಪಟ್ಟಿ, ಆರು ಸ್ಕ್ರೂ.

ನಾನು: ಫುಟ್‌ಬಾಲ್ ಆಡುವಾಗ ಉಳುಕಿದ್ದು ಅಂದಿದ್ರಲ್ಲ.

ಐವಿ: ಎಲ್ಲಿಯ ಫುಟ್‌ಬಾಲು. ಮದುವೆಗೆ ಮುಂಚೆ ನಮ್ಮಣ್ಣನ ಸ್ಕೂಟರ್ ಮೇಲೆ ಕೂತು ನನ್ನ ಮುಂದೆ ಜಂಬ ತೋರಿಸ್ತಿದ್ರು. ಸ್ಕೂಟರ್ ನಿಂತೇ ಇತ್ತು. ನಿಂತಿರೋ ಸ್ಕೂಟರಿಂದ ಬಿದ್ದೆ ಅಂತ ಯಾರ ಹತ್ರ ಹೇಳ್ಕೊಳ್ತಾರೆ?

ನಾನು: ಹಾಗಾದ್ರೆ ಆ ದಿನ ಹೊಲದಲ್ಲಿ...

ಐವಿ: ಹೊಲದಲ್ಲಿ ಅವರಿಗೂ ಹೊಳೆದಿರಲಿಲ್ಲ. ಅಷ್ಟು ಅಗಲದ್ದು ಕಾಲಿನ ಹತ್ತಿರ ಬಂದಿದ್ದು ಅವತ್ತೇ ಮೊದಲು. ಅಷ್ಟು ವರ್ಷ ಆದ್ಮೇಲೆ ಕಾಲೊಳಗೆ ಏನಿದೆ ಅಂತ ಯಾರು ನೆನಪಿಟ್ಕೊಳ್ತಾರೆ. ಮನೆಗೆ ಬಂದು ಒದ್ದೆ ಕಾಲುಚೀಲ ಬಿಚ್ಚಿ, ಕಾಲನ್ನ ಸ್ಟೂಲ್ ಮೇಲಿಟ್ರು. ಪಕ್ಕದಲ್ಲೇ ಆ ಪರಾತ, ಇನ್ನೂ ಆರಿಸಿರಲಿಲ್ಲ. ಕೂಗ್ತು. ಕಾಲು ತೆಗೆದ್ರು, ಸುಮ್ಮನಾಯ್ತು. ಮತ್ತೆ ಇಟ್ರು, ಮತ್ತೆ ಕೂಗ್ತು. ಕಣ್ಣಲ್ಲಿ ನೀರು ಬರೋವರೆಗೂ ನಕ್ರು. ನಾಣ್ಯ ಹುಡುಕಿದ್ದು ನನ್ನ ಕಾಲು, ಇನ್ನು ನಾಣ್ಯ ನನ್ನದೇ ಅನ್ನೋದ್ರಲ್ಲಿ ಅನುಮಾನ ಇಲ್ಲ ಅಂದ್ರು.

ನಾನು: ನಾಲ್ಕು ವರ್ಷ, ಐವಿ. ಮೂರು ಲೇಖನ. ನನಗೆ ಯಾಕೆ ಹೇಳಲಿಲ್ಲ?

ಐವಿ: ನಾನೂ ಅದನ್ನೇ ಕೇಳ್ದೆ. ಕಾರಣ ಸಿಕ್ಕಿಬಿಟ್ರೆ ಅವನು ಶನಿವಾರ ಶನಿವಾರ ನಮ್ಮನೆಗೆ ಯಾಕೆ ಬರ್ತಾನೆ ಅಂದ್ರು.