ಸೌನಾದಲ್ಲಿ ಮಲಗಿದ ಸೈಲೆನ್ಸರ್

ಈ ವರ್ಷ ಸಂಘದ ಪರವಾನಗಿಯಲ್ಲಿ ಉಳಿದ ಕೊನೆಯ ಮೂಸ್ ಜಿಂಕೆ ನನ್ನ ಗುಂಡೇಟಿಗೇ ಬೀಳಬೇಕೆಂದು ಭೀಷಣ ಪ್ರತಿಜ್ಞೆ ಮಾಡಿದೆ! ಫಿನ್‌ಲೆಂಡಿನ ನಮ್ಮೂರ ಬೇಟೆ ಸಂಘದಲ್ಲಿ ಹನ್ನೊಂದು ವರ್ಷದಿಂದ ನಾನು ಹೊಡೆದಿರುವುದು ಬರೀ ಹರಟೆ. ವಾರ ಕಳೆದರೆ ಸಂಘದ ಮೂಸ್ ಊಟ, ಬೇಟೆಗೆ ತಮ್ಮ ಕಾಡು ಬಿಟ್ಟುಕೊಟ್ಟ ರೈತರೆಲ್ಲ ತಟ್ಟೆ ಹಿಡಿದು ಬರುತ್ತಾರೆ. ಹಿಂದಿನವೆಲ್ಲ ಸದಸ್ಯರ ಪಾಲಾಗಿ ಊಟದ ಹಂಡೆ ಇನ್ನೂ ಖಾಲಿ!

ಅದಕ್ಕೇ ಬ್ರಹ್ಮಾಸ್ತ್ರ ತಂದೆ: ರೈಫಲ್ಲಿನ ಮೂತಿಗೆ ತಿರುಪಿ ಕೂರಿಸುವ ಸೈಲೆನ್ಸರ್.

"ನಿನ್ನ ಬಾಯಿ ಅಳತೇದು ಸಿಗಲಿಲ್ವಾ?" ಎಂದಳು ಹೆಂಡತಿ ಹಿಲ್ಕಾ. ಅವಳೂ ಸಂಘದ ಸದಸ್ಯೆ, ಗುರಿಯಲ್ಲಿ ನನಗಿಂತ... ಇರಲಿ ಬಿಡಿ.

"ಕಿವಿ ಉಳಿಯುತ್ತೆ ಕಣೇ! ಭುಜಕ್ಕೆ ಒದೆತಾನೂ ಕಡಿಮೆ!"

"ಬಂದೂಕು ಗೇಣುದ್ದ ಬೆಳೀತು, ಪೊದೆಗೆ ಸಿಕ್ಕಿಸ್ಕೋಬೇಡ. ಹೊಡೆದ ಮೇಲೆ ಬಿಚ್ಚಿ ಒಣಗಿಸು ಮಾರಾಯ, ಇಲ್ದಿದ್ರೆ ತುಕ್ಕು ಹಿಡಿಯುತ್ತೆ."

ಅಂದು ಸಂಜೆ ಸೈಲೆನ್ಸರ್ ಹಾಕಿಕೊಂಡೇ ಗುರಿ ಸರಿಪಡಿಸಿದೆ. ಮೂರು ಗುಂಡೂ ನಟ್ಟನಡುವೆ! ಆಮೇಲೆ ವಿಧೇಯ ಗಂಡನಾಗಿ ಅದನ್ನು ಬಿಚ್ಚಿ, ಸ್ನಾನ ಮುಗಿದು ಬೆಚ್ಚಗಿದ್ದ ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಮೇಲಿನ ಹಲಗೆಯ ಮೇಲೆ ಮಲಗಿಸಿದೆ.

ಮರುದಿನ ಬೆಳಿಗ್ಗೆ ಜೌಗಿನ ಒಂದು ಅಂಚಿನಲ್ಲಿ ನಾನು, ಇನ್ನೊಂದರಲ್ಲಿ ಹಿಲ್ಕಾ ಕೂತೆವು; ಉಳಿದವರು ನಾಯಿ ಬಿಟ್ಟು ಮೂಸ್ ಅಟ್ಟಲು ಕಾಡು ಹೊಕ್ಕರು. ಮಂಜು ಹಾಲಿನಂತೆ ಹರಡಿತ್ತು. ಸ್ಪ್ರೂಸ್ ಮರಗಳು ನಿಂತಲ್ಲೇ ನಿದ್ದೆ ಹೋಗಿದ್ದವು. ನನಗೂ ಕಣ್ಣು ಎಳೆಯಿತು. ಕನಸಿನಲ್ಲಿ ರೈತರು ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಹಿಲ್ಕಾ ನಾಚಿಕೊಂಡು, ಹೌದು, ನಾಚಿಕೊಂಡು, ನನಗೆ ಸಾರು ಬಡಿಸುತ್ತಿದ್ದಳು!

ಕಣ್ಣು ಬಿಟ್ಟರೆ ಮಂಜಿನೊಳಗಿಂದ ಮೂಸ್! ಆ ಕನಸೇ ಕೊಂಬು ಹೊತ್ತು ನಡೆದು ಬಂದಂತಿತ್ತು. ಗುರಿಯಿಟ್ಟು ಬಂದೂಕಿನ ಕುದುರೆ ಎಳೆದೆ.

ಢಮಾರ್!

ಕಾಡು ಎರಡಾಯಿತು, ಕಿವಿಯೊಳಗೆ ಚರ್ಚಿನ ಗಂಟೆ ಬಾರಿಸಿತು. ಸೈಲೆನ್ಸರ್ ಹಾಕಿದರೂ ಇಷ್ಟು ಸದ್ದೇ? ನೋಡಿದರೆ ನಳಿಗೆಯ ಮೂತಿ ಬೋಳು! ಮಹಾಶಯ ಸೌನಾದಲ್ಲೇ ಮಲಗಿದ್ದ. ಅವನ ಭಾರಕ್ಕೆ ಹೊಂದಿಸಿದ ಗುರಿ ಅವನಿಲ್ಲದೆ ಕೈಕೊಟ್ಟಿತ್ತು. ಗುಂಡು ಪೈನ್ ಮರದ ತುದಿಗೆ ಹೋಗಿತ್ತು. ಮೂಸ್ ನನ್ನತ್ತ ಕನಿಕರದಿಂದ ನೋಡಿ, ತಿರುಗಿ ಓಡಿತು.

ನಿಮಿಷ ಕಳೆಯುವುದರಲ್ಲಿ ಹಿಲ್ಕಾ ಕೂತ ಕಡೆಯಿಂದ ಒಂದೇ ಒಂದು ಗುಂಡಿನ ಸದ್ದು. ವಾಕಿಟಾಕಿಯಲ್ಲಿ ಅವಳ ದನಿ: "ಬಿತ್ತು."

ತಲೆ ತಗ್ಗಿಸಿ ಅಲ್ಲಿಗೆ ಹೋದೆ. ಮೂಸ್ ಸಿಗಿಯುತ್ತಿದ್ದ ಬೇಟೆ ಮುಖಂಡ ಉರ್ಪೋಗೆ, "ತಪ್ಪಾಯ್ತು ಕಣಯ್ಯ" ಎಂದೆ.

"ತಪ್ಪಾ? ನಮ್ಮ ನಾಯಿ ಬೊಗಳಿ ಬೊಗಳಿ ಸುಸ್ತಾಗಿ ಕೂತಿತ್ತು ಕಣೋ. ನಿನ್ನ ಗದ್ದಲಕ್ಕೇ ಮೂಸ್ ಹಿಲ್ಕಾ ಕಡೆ ನುಗ್ಗಿದ್ದು!"

ಹಾಗೆಂದವನೇ, ಮೂಸ್ ಅಟ್ಟಿದ ನಾಯಿಗೆ ವಾಡಿಕೆಯಂತೆ ಸಲ್ಲಬೇಕಾದ ಹೃದಯದ ತುಂಡನ್ನು ಎರಡು ಮಾಡಿ, ದೊಡ್ಡದನ್ನು ನನ್ನ ಕೈಗಿಟ್ಟ.