ಭಾವ ಕಚ್ಚಿದ ಕಾಫಿ ಬೀಜ

ನಮ್ಮ ಕಡೆ ಹೆಮ್ಮೆಪಡುವುದಕ್ಕೂ ಒಂದು ಕ್ರಮವಿದೆ. ತೋಟವಿದ್ದವರು ಗಿಡ ತೋರಿಸುತ್ತಾರೆ. ಜೀಪಿದ್ದವರು ಅದನ್ನು ಮನೆ ಮುಂದೆ ಅಡ್ಡಡ್ಡ ನಿಲ್ಲಿಸುತ್ತಾರೆ. ಮೆಣಸಿನ ಬಳ್ಳಿ ಚೆನ್ನಾಗಿ ಬಂದವರು ನೆಂಟರಿಗೆ ಕಾಫಿ ಕೊಡುವ ಮೊದಲೇ ಬಳ್ಳಿಯ ಬುಡಕ್ಕೆ ಕರೆದುಕೊಂಡು ಹೋಗುತ್ತಾರೆ. ನನಗೆ ತೋಟವಿಲ್ಲ, ಜೀಪಿಲ್ಲ. ಆಲೂರಿನ ಬಾಡಿಗೆ ಮನೆಯ ಮುಂದೆ ಒಂದು ಸ್ಕೂಟರ್ ಇದೆ, ಅದು ಚಳಿಗಾಲದಲ್ಲಿ ತಳ್ಳಿದರೆ ಮಾತ್ರ ಹೊರಡುತ್ತದೆ. ಆದರೂ ನನಗೊಂದು ಹೆಮ್ಮೆಯಿದೆ. ಅದನ್ನು ಯಾರಿಗೂ ತೋರಿಸಲು ಬರುವುದಿಲ್ಲ ಎನ್ನುವುದೊಂದೇ ಅದರ ತೊಂದರೆ. ಒಂದು ಭಾನುವಾರ ಮಧ್ಯಾಹ್ನ ಪೋಕರ್ ಆಡುವಾಗ, ಯಾರೇ ಆದರೂ ಬಿಡದಂಥ ಎಲೆಗಳನ್ನು ಕೈಯಲ್ಲಿ ಹಿಡಿದುಕೊಂಡಿದ್ದ ನಾನು, ಸೋತೆನೆಂದು ಒಪ್ಪಿ ಅವನ್ನು ಕೆಳಗಿಟ್ಟೆ. ನನ್ನ ಜೀವನದ ಅತಿ ದೊಡ್ಡ ಸಾಧನೆ ಅದು ಎಂದು ನಾನು ನಂಬಿದ್ದೇನೆ. ಹಾಗೆ ನಂಬಿರುವವನು ನಾನೊಬ್ಬನೇ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ನಮ್ಮ ಆಟ ನಡೆಯುವುದು ಪಾಳ್ಯದ ಹತ್ತಿರ, ನನ್ನ ಹೆಂಡತಿಯ ಅಣ್ಣ ಚಂದ್ರೇಗೌಡರ ತೋಟದಲ್ಲಿ ಕಾಫಿ ತುಂಬಿಡುವ ಸ್ಟೋರಿನ ಜಗಲಿಯಲ್ಲಿ. ಮೂರನೆಯವರು ಸಕಲೇಶಪುರದ ರಫೀಕ್ ಸಾಹೇಬರು. ಭಾವನ ಕಾಫಿ ಸಾಗುವುದು ಅವರ ಲಾರಿಯಲ್ಲೇ. ಮೊದಲು ರಮ್ಮಿ ಆಡುತ್ತಿದ್ದೆವು. ಪೋಕರ್ ತಂದವನು ನಾನು, ಮೊಬೈಲಿನಲ್ಲಿ ಕಲಿತು. "ದುಡ್ಡಿಟ್ಟು ಆಡೋದಾದ್ರೆ ನನ್ನನ್ನ ಕರೀಬೇಡಿ" ಎಂದು ಸಾಹೇಬರು ಮೊದಲ ದಿನವೇ ಹೇಳಿದ್ದರಿಂದ ಕಣದಲ್ಲಿ ಒಣಗುತ್ತಿದ್ದ ಕಾಫಿ ಬೀಜವನ್ನೇ ಬೊಗಸೆಯಲ್ಲಿ ತಂದು ಹಂಚಿಕೊಂಡೆವು. ಅಂದಿನಿಂದ ನಮ್ಮ ಪಣ ಕಾಫಿ ಬೀಜ. ಬೀಜ ಖಾಲಿಯಾದವನಿಗೆ ಭಾವ ಒಂದು ಶಿಕ್ಷೆ ಗೊತ್ತುಮಾಡಿದರು. ಅವನು ಬಿಸಿಲಿಗಿಳಿದು ಕಣದ ಕಾಫಿಯನ್ನೆಲ್ಲ ಒಂದು ಸುತ್ತು ಕೆದರಿ ಬರಬೇಕು. ಕಲಿಸಿದವನು ನಾನು, ಕೆದರಿದವನೂ ನಾನು. ಆ ಸುಗ್ಗಿಯಲ್ಲಿ ಭಾವನ ಕಾಫಿ ಚೆನ್ನಾಗಿ ಒಣಗಿದ್ದರೆ ಅದರಲ್ಲಿ ನನ್ನ ಅಜ್ಞಾನದ ಪಾಲು ದೊಡ್ಡದು. "ಏನ್ ಮೇಷ್ಟ್ರೇ, ಇವತ್ತು ಪಾಠ ಮಾಡೋಕೆ ಬಂದ್ರೋ, ಕೆದರೋಕೆ ಬಂದ್ರೋ?" ಎಂದು ಭಾವ ಗೇಟಿನಲ್ಲೇ ಕೇಳುತ್ತಿದ್ದರು. ಸಾಹೇಬರು ನನ್ನ ಪರ ವಹಿಸಿಕೊಂಡು, "ಬಿಡಿ ಗೌಡ್ರೇ, ಅವರದ್ದು ಥಿಯರಿ, ನಮ್ಮದು ಪ್ರಾಕ್ಟಿಕಲ್" ಎನ್ನುತ್ತಿದ್ದರು. ಆ ಪಕ್ಷಪಾತಕ್ಕಿಂತ ಭಾವನ ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ವಿಶ್ವವಿದ್ಯಾಲಯದಲ್ಲಿ ಓದಿದವನಿಗೆ ಸೋಲು ಬಂದರೆ ಅವನು ಮಾಡುವುದು ಒಂದೇ ಕೆಲಸ, ಇನ್ನಷ್ಟು ಓದುವುದು. ನಾನು ಪೋಕರ್ ಪಾಠದ ವಿಡಿಯೋಗಳನ್ನು ನೋಡತೊಡಗಿದೆ. ಕಪ್ಪು ಕನ್ನಡಕ ಹಾಕಿದ ಒಬ್ಬ ಪರದೇಶದವನು, ಮುಖದಲ್ಲಿ ಏನೂ ತೋರಿಸಬಾರದು ಎಂದು ಹೇಳಿಕೊಡುತ್ತಿದ್ದ. ಹಾಗೇ ಮುಖ ಮಾಡಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ನನ್ನ ಹೆಂಡತಿ ಸುಮಾ ಬಂದು ನೋಡಿ, "ಹೊಟ್ಟೆ ನೋವೇನ್ರೀ? ಓಮದ ನೀರು ಕೊಡ್ಲಾ?" ಎಂದಳು. ಆ ಮುಖ ಅಲ್ಲಿಗೆ ಬಿಟ್ಟೆ. ಎರಡನೆಯ ಪಾಠ ಇನ್ನೂ ಕಷ್ಟದ್ದು. ಆಡಿದ ಪ್ರತಿಯೊಂದು ಆಟವನ್ನೂ ಆಮೇಲೆ ನೆನಪಿಸಿಕೊಂಡು, ಎಲ್ಲಿ ತಪ್ಪಿದೆ ಎಂದು ನೋಡಬೇಕಂತೆ. ಇಲ್ಲಿ ನನಗೆ ನಿಜವಾದ ಸಂಕಟ ಶುರುವಾಯಿತು, ಏಕೆಂದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಕಣ್ಣಾರೆ ಕಂಡೆ ಎನ್ನುವವನನ್ನು ಮೊದಲು ಅನುಮಾನಿಸಿ ಎಂದು ಮಕ್ಕಳಿಗೆ ವರ್ಷವೆಲ್ಲ ಹೇಳಿಕೊಡುವವನು ನಾನು. ನನ್ನ ಮದುವೆಯ ದಿನ ಮಳೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ, ಛತ್ರಿ ಹಿಡಿದು ಛತ್ರದೊಳಗೆ ಹೋದದ್ದೂ ನೆನಪಿದೆ. ಆಲ್ಬಮ್ ತೆಗೆದರೆ ಸುಡುಬಿಸಿಲು. "ಅದು ಬಿಸಿಲಿಗೆ ಹಿಡಿದ ಛತ್ರಿ ಕಣ್ರೀ" ಎಂದು ಸುಮಾ ಹೇಳಿದ ಮೇಲೂ ನನ್ನ ತಲೆಯೊಳಗೆ ಆ ಮಳೆ ನಿಂತಿಲ್ಲ. ಇಂಥ ತಲೆಯಲ್ಲಿ ಹೋದ ಭಾನುವಾರ ಬಂದದ್ದು ಆಟೀನ್ ರಾಣಿಯೋ ಡೈಮಂಡ್ ರಾಣಿಯೋ ಎಂದು ಹುಡುಕುವುದು ಹೇಗೆ?

ಆದ್ದರಿಂದ ಎಲೆಗಳನ್ನು ಬಿಟ್ಟು ಮನುಷ್ಯರನ್ನು ನೋಡತೊಡಗಿದೆ. ಅದು ಮೂರನೆಯ ಪಾಠ. ಒಳ್ಳೆಯ ಎಲೆ ಬಂದಾಗ ಒಬ್ಬ ಕಿವಿ ತುರಿಸಿಕೊಳ್ಳುತ್ತಾನೆ, ಇನ್ನೊಬ್ಬ ಉಗುಳು ನುಂಗುತ್ತಾನೆ. ಆ ಗುಟ್ಟು ಹಿಡಿದವನು ಎಲೆ ನೋಡಬೇಕಾಗಿಯೇ ಇಲ್ಲ. ಸಾಹೇಬರ ಮುಖದಲ್ಲಿ ಏನೂ ಸಿಗಲಿಲ್ಲ. ಲಾರಿ ಬಾಡಿಗೆ ಚೌಕಾಸಿ ಮಾಡಿ ಪಳಗಿದ ಮುಖ ಅದು. ಭಾವ ಸಿಕ್ಕಿಬಿದ್ದರು. ಕಾಫಿಯವರಿಗೆಲ್ಲ ಒಂದು ಅಭ್ಯಾಸವಿದೆ. ಕಣದ ಹತ್ತಿರ ಕೂತರೆ ಒಂದು ಬೀಜ ಎತ್ತಿ ಹಲ್ಲಿನಲ್ಲಿ ಕಚ್ಚುತ್ತಾರೆ. ಕಟಕ್ಕೆಂದರೆ ಒಣಗಿದೆ, ಮೆತ್ತಗಿದ್ದರೆ ಇನ್ನೂ ಬಿಸಿಲು ಬೇಕು. ಭಾವ ಆಟದ ನಡುವೆಯೂ ಕಚ್ಚುತ್ತಿದ್ದರು. ಯಾವಾಗ ಕಚ್ಚುತ್ತಾರೆ ಎಂದು ವಾರಗಟ್ಟಲೆ ಗಮನಿಸಿದೆ. ಕೈಗೆ ಭಾರಿ ಎಲೆ ಬಂದಾಗಲೇ ಕಚ್ಚುತ್ತಿದ್ದರು. ನನ್ನ ಲೆಕ್ಕಕ್ಕೆ ಹೊಂದಿದ್ದನ್ನು ಮಾತ್ರ ನೆನಪಿಟ್ಟುಕೊಂಡು ಹೊಂದದ್ದನ್ನು ಮರೆಯುತ್ತಿದ್ದೇನೆಯೇ ಎಂಬ ಅನುಮಾನ ಬಂದದ್ದು ನಿಜ. ಆದರೆ ಹೊಂದದ್ದು ಯಾವುದೂ ನೆನಪಿಗೆ ಬರಲಿಲ್ಲವಾದ್ದರಿಂದ ಅನುಮಾನವನ್ನು ಬಿಟ್ಟುಬಿಟ್ಟೆ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಈ ಆಟದಲ್ಲಿ ನಿಮ್ಮ ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಎರಡನ್ನೂ ಕೂಡಿಸಿ ಒಳ್ಳೆಯ ಐದನ್ನು ಕಟ್ಟಿಕೊಳ್ಳಬೇಕು. ನನಗೆ ಮೂರು ರಾಜರೂ ಎರಡು ಒಂಬತ್ತೂ ಕೂಡಿದ್ದವು. ಇದನ್ನು ಮೀರಿಸುವ ಎಲೆ ಎದುರಾಳಿಗೆ ಬರುವುದು ಬಲು ಅಪರೂಪ. ಸಾಹೇಬರು ಮೊದಲೇ ಎಲೆ ಬಿಟ್ಟಿದ್ದರು. ಭಾವ ತಮ್ಮ ಬೀಜದ ಗುಡ್ಡೆಯನ್ನೆಲ್ಲ ಎರಡೂ ಕೈಯಿಂದ ನಡುವೆ ತಳ್ಳಿದರು. ನಾನೂ ತಳ್ಳಬೇಕೆಂದು ಕೈ ಚಾಚಿದೆ. ಅಷ್ಟರಲ್ಲಿ ಭಾವ ಆ ಗುಡ್ಡೆಯಿಂದಲೇ ಒಂದು ಬೀಜ ಎತ್ತಿ ಬಾಯಿಗೆ ಹಾಕಿ ಕಚ್ಚಿದರು.

"ಗೌಡ್ರೇ, ಪಣಕ್ಕಿಟ್ಟಿದ್ದನ್ನ ತಿನ್ನಂಗಿಲ್ಲ" ಎಂದರು ಸಾಹೇಬರು.

"ತಿಂತಾ ಇಲ್ಲ ಸಾಹೇಬ್ರೆ, ನೋಡ್ತಾ ಇವ್ನಿ."

ನನ್ನ ಕೈ ಅಲ್ಲೇ ನಿಂತಿತು. ಒಂದು ಕಡೆ ಮೂರು ರಾಜರು, ಇನ್ನೊಂದು ಕಡೆ ಒಂದು ಕಚ್ಚಿದ ಬೀಜ. ವಾರಗಳ ಅಭ್ಯಾಸವೆಲ್ಲ ಇದಕ್ಕಾಗಿಯೇ ಎಂದುಕೊಂಡು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಮೇಲ್ಮುಖ ಮಾಡಿ ಕೆಳಗಿಟ್ಟೆ. "ನಿಮಗೆ ಇದಕ್ಕಿಂತ ದೊಡ್ಡದು ಬಂದಿದೆ ಭಾವ" ಎಂದೆ. ಭಾವ ನನ್ನ ಎಲೆ ನೋಡಿದರು, ನನ್ನ ಮುಖ ನೋಡಿದರು, ತಮ್ಮ ಎಲೆಗಳನ್ನು ಕವುಚಿಯೇ ಕಟ್ಟಿನೊಳಗೆ ಸೇರಿಸಿ ಕಲೆಸಿಬಿಟ್ಟರು. ಏನಿತ್ತು ಎಂದು ಕೇಳಿದೆ. "ನೋಡ್ಬೇಕಾದ್ರೆ ಬೀಜ ಹಾಕಿ ನೋಡ್ಬೇಕು. ರೂಲ್ ಹೇಳ್ಕೊಟ್ಟೋರು ನೀವೇ ಅಲ್ವರಾ?" ಎಂದರು. ಮನೆಗೆ ಬಂದು ಸುಮಾಗೆ ಎಲ್ಲವನ್ನೂ ವಿವರವಾಗಿ ಹೇಳಿದೆ. ಆಕೆ ಕೊನೆಯವರೆಗೂ ಸಮಾಧಾನವಾಗಿ ಕೇಳಿ, "ಅಂದ್ರೆ ಸೋತ್ರಿ ಅನ್ನಿ" ಎಂದಳು. ಸೋಲಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಊಟದ ಹೊತ್ತಿಗೂ ವಿವರಿಸುತ್ತಿದ್ದೆ.

ಗೆದ್ದವನ ಹೆಮ್ಮೆಗೆ ಸಾಕ್ಷಿ ಇರುತ್ತದೆ. ಬಿಟ್ಟುಕೊಟ್ಟವನ ಹೆಮ್ಮೆಗೆ ಎದುರಾಳಿಯ ಎರಡು ಎಲೆಗಳ ಹೊರತು ಬೇರೆ ಸಾಕ್ಷಿಯಿಲ್ಲ, ಅವು ಕಟ್ಟಿನೊಳಗೆ ಕಲೆತುಹೋಗಿದ್ದವು. ಭಾವನಿಗೆ ನಾಲ್ಕು ಒಂಬತ್ತುಗಳು ಕೂಡಿದ್ದರೆ ನಾನು ಮೇಧಾವಿ. ಬರೀ ಎರಡು, ಏಳು ಇದ್ದಿದ್ದರೆ ನಾನು ಹೆದರುಪುಕ್ಕಲ. ಎರಡರಲ್ಲಿ ಯಾವುದು ಎಂದು ತಿಳಿಯದೆ ಪಾಠ ಮಾಡುವುದೂ ಕಷ್ಟವಾಯಿತು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಸಾಹೇಬರನ್ನು ಕೇಳಿದರೆ, "ಮೂರು ರಾಜ ಎಲ್ಲಿತ್ತು ಮೇಷ್ಟ್ರೇ? ಎರಡು ಜೋಡಿ ಅಷ್ಟೇ ಇದ್ದದ್ದು. ಒಳ್ಳೇದೇ ಬಿಟ್ರಿ" ಎಂದು ನನ್ನ ಎಲೆಗಳನ್ನೇ ಇಳಿಸಿಬಿಟ್ಟರು. ಅಲ್ಲಿಂದ ಮನೆಗೆ ಬರುವಷ್ಟರಲ್ಲಿ ನನಗೂ ಎರಡು ಜೋಡಿಯೇ ಕಾಣತೊಡಗಿದವು.

ತಡೆಯಲಾಗಲಿಲ್ಲ. ಮಗ್ಗೆಯಲ್ಲಿ ನೆಂಟರ ಗೃಹಪ್ರವೇಶದ ಊಟಕ್ಕೆ ಭಾವನ ಪಕ್ಕದಲ್ಲೇ ಕೂತು, ಅವರು ಬೀಜ ಕಚ್ಚುವ ಗುಟ್ಟನ್ನು ನಾನು ಹೇಗೆ ಕಂಡುಹಿಡಿದೆ, ಅದರಿಂದಾಗಿ ಎಲೆ ಹೇಗೆ ಬಿಟ್ಟೆ ಎಂದು ಮೊದಲಿನಿಂದ ಹೇಳಿದೆ. ಭಾವ ಕೈಯಲ್ಲಿದ್ದ ಕಡುಬನ್ನು ಬಾಳೆಲೆಯ ಮೇಲಿಟ್ಟರು.

"ನಾನು ಕಚ್ತೀನಾ?"

"ಕಚ್ತೀರಿ."

"ಒಳ್ಳೇ ಎಲೆ ಬಂದಾಗ್ಲೆಯಾ?"

"ಆಗಲೇ. ಅವತ್ತು ಏನಿತ್ತು, ಈಗಲಾದರೂ ಹೇಳಿ ಭಾವ."

ಅವರು ಕಡುಬನ್ನು ಮತ್ತೆ ಎತ್ತಿಕೊಂಡರು. "ಎಲೆ ಯಾವನಿಗೆ ನೆಪ್ಪೈತೆ ಮಾರಾಯ್ರೆ. ಬೀಜ ಮಾತ್ರ ಹಸಿ ಇತ್ತು. ಅದ್ರ ಹಿಂದಿನ ವಾರ ನೀವು ಮೂಲೇಲಿ ಸರಿಯಾಗಿ ಕೆದರಿರಲಿಲ್ಲ, ಮ್ಯಾಲೆ ಮ್ಯಾಲೆ ಕೆದರಿ ಬಂದ್ಬುಟ್ಟಿದ್ರಿ. ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ಸುಮ್ಕಿದ್ದೆ."

ಪಾಯಸ ಬರುವ ಹೊತ್ತಿಗೆ ನಾನು ಮಾಡಿಕೊಂಡ ಅನಾಹುತ ನನಗೆ ಹೊಳೆಯಿತು. ಎದುರಾಳಿಯ ಗುಟ್ಟು ಸಿಕ್ಕರೆ ಸಾಯುವವರೆಗೂ ಅವನಿಗೆ ಹೇಳಬಾರದು ಎನ್ನುವುದು ಮೂರನೆಯ ಪಾಠದಲ್ಲಿ ಕನ್ನಡಕದವನ ಮೊದಲ ಮಾತು. ಆ ಗುಟ್ಟನ್ನು ನಾನು ಕಡುಬಿನ ಜೊತೆಗೆ ಬಡಿಸಿಬಿಟ್ಟಿದ್ದೆ.

ಮುಂದಿನ ಭಾನುವಾರ ಸುಮಾಳನ್ನೂ ಕರೆದುಕೊಂಡು ಹೋದೆ. ಆಕೆ ಒಳಗೆ ಅತ್ತಿಗೆಯ ಹತ್ತಿರ ಹೋದಳು, ನಾವು ಆಟಕ್ಕೆ ಕೂತೆವು. ಭಾವ ಮೊದಲ ಎಲೆ ಹಂಚುವ ಮುಂಚೆಯೇ ದವಡೆಯಲ್ಲಿ ಏನನ್ನೋ ಕಚ್ಚಿಕೊಂಡಿದ್ದರು, ಎದ್ದೇಳುವವರೆಗೂ ಅದನ್ನು ಬಿಡಲಿಲ್ಲ. ಒಳ್ಳೆಯ ಎಲೆಗೂ ಅದೇ ದವಡೆ, ಕೆಟ್ಟ ಎಲೆಗೂ ಅದೇ ದವಡೆ. ಮಾತೂ ಕಮ್ಮಿ. ನನ್ನ ಬೀಜವೆಲ್ಲ ಬಹುಬೇಗ ಖಾಲಿಯಾಯಿತು. ಆದರೆ ಬಿಸಿಲಿನಲ್ಲಿ ಕಣ ಕೆದರುವಾಗ, ಮೂಲೆಗಳನ್ನೂ ಬಿಡದೆ ಕೆದರುವಾಗ, ನನ್ನ ಎದೆ ಉಬ್ಬಿತ್ತು. ಇಷ್ಟು ವರ್ಷದಲ್ಲಿ ನನಗೆ ಹೆದರಿದವರು ಯಾರೂ ಇಲ್ಲ, ಮೊದಲನೇ ಪಿಯುಸಿ ಮಕ್ಕಳೂ ಇಲ್ಲ. ಈಗ ಇಷ್ಟು ದೊಡ್ಡ ತೋಟದ ಯಜಮಾನ ನನ್ನ ಕಣ್ಣಿಗೆ ಅಂಜಿ ಇಡೀ ಮಧ್ಯಾಹ್ನ ಬಾಯಲ್ಲಿ ಕಾಫಿ ಬೀಜ ಇಟ್ಟುಕೊಂಡು ಕೂತಿದ್ದರು. ಆಟ ಸುಧಾರಿಸಿದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಸಂಜೆ ಸ್ಕೂಟರಿನಲ್ಲಿ ಬರುವಾಗ ಇದನ್ನೇ ಸುಮಾಗೆ ಹೇಳಿದೆ. ಆಕೆ ಹಿಂದಿನಿಂದ, "ಅದು ಬೀಜ ಅಲ್ಲ ಕಣ್ರೀ, ಲವಂಗ. ಅಣ್ಣಂಗೆ ಮೊನ್ನೆಯಿಂದ ದವಡೆ ಹಲ್ಲು ನೋವು. ಅತ್ತಿಗೆ ನನ್ನ ಮುಂದೆಯೇ ಡಬ್ಬಿಯಿಂದ ತೆಗೆದುಕೊಟ್ರು. ನೋವಲ್ಲಿ ಎಲೆನೂ ಸರಿಯಾಗಿ ನೋಡ್ಲಿಲ್ವಂತೆ, ಸುಮ್ಮನೆ ತಳ್ತಾ ಕೂತಿದ್ನಂತೆ" ಎಂದಳು.

ಹೇಳುತ್ತಿರುವವಳು ಎದುರಾಳಿಯ ಒಡಹುಟ್ಟಿದವಳು, ಕೊಟ್ಟವರು ಎದುರಾಳಿಯ ಹೆಂಡತಿ. ಇಂಥ ಸಾಕ್ಷ್ಯವನ್ನು ಇತಿಹಾಸ ಓದಿದವನು ಒಪ್ಪುವುದು ಸಾಧ್ಯವಿಲ್ಲ. ಭಾವನ ಬಾಯಲ್ಲಿ ಇದ್ದದ್ದು ಕಾಫಿ ಬೀಜ. ನಾನು ಕಣ್ಣಾರೆ ಕಂಡಿದ್ದೇನೆ, ನನಗೆ ಚೆನ್ನಾಗಿ ನೆನಪಿದೆ.