ದೋಣಿಯ ಬಾಣಂತನ

ಹೆಂಡತಿಯ ಬಾಣಂತನವನ್ನು ಅತ್ತೆಗೆ ಬಿಟ್ಟು, ದೋಣಿಯ ಬಾಣಂತನವನ್ನು ತಾನೇ ಮಾಡಿದ ಗಂಡಸನ್ನು ನೀವು ಕಂಡಿದ್ದೀರಾ? ನಮ್ಮಣ್ಣ ಅಂಥವನು!

ಭಾಲ್ಕಿಯ ಹತ್ತಿರ ಮಾಂಜ್ರಾ ಹೊಳೆಯಲ್ಲಿ ಜಾಗೀರ್ದಾರರ ಮೋಟಾರು ದೋಣಿಯಿತ್ತು. ಇಂಜಿನ್ನು ಅದರ ಹೊಟ್ಟೆಯೊಳಗೇ. ನೋಡಿಕೊಳ್ಳುವವನು ಅಣ್ಣ. ಮಳೆ ಮುಗಿದು ಚಳಿ ಬಂತೆಂದರೆ ಎಂಟೆತ್ತು ಕಟ್ಟಿ ದೋಣಿಯನ್ನು ಚಪ್ಪರಕ್ಕೆ ಎಳೆಸಿ, ಇಂಜಿನ್ನಿನ ನೀರನ್ನು ಕೊನೆಯ ಹನಿಯವರೆಗೆ ಬಸಿಯುತ್ತಿದ್ದ. ಒಳಗಿನ ನೀರು ಚಳಿಗೆ ಗಡ್ಡೆಕಟ್ಟಿ ಕಬ್ಬಿಣ ಸೀಳುತ್ತದೆಂದು ದೋಣಿ ತಂದ ಬಿಳಿಯ ಸಾಹೇಬ ಹೇಳಿದ್ದನಂತೆ. ಬೀದರಿನಲ್ಲಿ ನೀರು ಗಡ್ಡೆಕಟ್ಟುವುದೇ? ಮೊಸರು ಗಟ್ಟಿಯಾದರೇ ಪುಣ್ಯ! ಆಮೇಲೆ ದೋಣಿಗೆ ಬೇವಿನ ಹೊಗೆ, ಮೇಲೆ ಅಣ್ಣನದೇ ಕಂಬಳಿ.

"ಕ್ಯಾ ಮಿಯಾ, ಬಾಣಂತಿ ಕಿವಿಗೆ ಹತ್ತಿ ಇಟ್ಟಿಲ್ಲೇನು?" ಜಾಗೀರ್ದಾರರು ನಕ್ಕರು.

"ಇಟ್ಟೀನ್ರಿ, ಸರ್ಕಾರ್." ಹತ್ತಿ ತುರುಕಿದ ಹೊಗೆಕೊಳವೆಯನ್ನು ಅಣ್ಣ ತೋರಿಸಿದ!

ಕೊನೆಯದು ಎಣ್ಣೆ. ಇಂಜಿನ್ನಿನೊಳಗೆ ಎರಡು ಲೋಟ ಔಡಲೆಣ್ಣೆ. ಒಂದು ವರ್ಷ ಅವನು ಔರಾದಿನ ಮದುವೆಗೆ ಹೊರಟಾಗ ಆ ಕೆಲಸ ನನಗೆ ಬಂತು.

"ಭಾಲ್ಕಿ ಗಾಣದ ಔಡಲೆಣ್ಣಿನೇ ಹಾಕಪಾ. ತಪ್ಪಿದ್ರ ನನ್ನ ಚಾಕರಿ ಹೋಗ್ತದ."

"ನಾ ಏನ್ ಕೂಸೇನು? ನೀ ಹೋಗಿ ಹೋಳಿಗಿ ಉಣ್ಣು!"

ಭಾಲ್ಕಿಗೆ ಹೋದೆ. ಬಜಾರಿನಲ್ಲಿ ಜಿಲೇಬಿ, ಹರಟೆ, ಮತ್ತೆ ಜಿಲೇಬಿ. ಗಾಣ ಮುಟ್ಟುವಷ್ಟರಲ್ಲಿ ಗಾಣದ ಎತ್ತೂ ಮನೆಗೆ ಹೋಗಿತ್ತು. ಇನ್ನೊಮ್ಮೆ ಯಾರು ನಡೆದಾರು? ಅಡುಗೆಮನೆಯ ಕುಸುಬೆ ಎಣ್ಣೆ ಸುರಿದುಬಿಟ್ಟೆ. ಕುಸುಬೆ ಎಣ್ಣೆ ಒಣಗಿದರೆ ಅಂಟಾಗುತ್ತದೆಂದು ಒಲೆಯ ಪಕ್ಕದ ಎಣ್ಣೆ ಗಡಿಗೆ ಮುಟ್ಟಿದವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು.

ಮುಂದಿನ ಮಳೆಗಾಲ ಶೇರ್ವಾನಿ ತೊಟ್ಟ ಅತಿಥಿಗಳು ದೋಣಿಯಲ್ಲಿ ಕೂತರು. ಅಣ್ಣ ಹಿಡಿಕೆ ತಿರುಗಿಸಿದ. ಅಲುಗಲಿಲ್ಲ. ನಾಲ್ವರು ಜೋತುಬಿದ್ದರೂ ಇಲ್ಲ! ಅಣ್ಣ ಮುಚ್ಚಳ ಬಿಚ್ಚಿ, ಒಳಗಿನ ಅಂಟನ್ನು ಬೆರಳಿಂದ ಮುಟ್ಟಿ, ಮೂಸಿದ. ನನ್ನನ್ನು ನೋಡಿದ. ನಾನು ಹೊಳೆ ನೋಡಿದೆ.

"ಎಣ್ಣಿ ಯಾರು ಹಾಕಿದ್ದು?" ಜಾಗೀರ್ದಾರರು ಗುಡುಗಿದರು.

"ನಾನೇ ಹಾಕೀನ್ರಿ, ಸರ್ಕಾರ್," ಎಂದ ಅಣ್ಣ.

ಚಾಕರಿ ಅಲ್ಲೇ ಹೋಯಿತು. ಕಂಬಳಿ ಹೆಗಲಿಗೇರಿಸಿ ಮನೆಯ ದಾರಿ ಹಿಡಿದವನು ಕೇಳಿದ್ದು ಒಂದೇ ಮಾತು:

"ಒಗ್ಗರಣಿಗಾದ್ರೂ ಎಣ್ಣಿ ಉಳಿಸೀಯೇನೋ?"

ಮಳೆ ಶುರುವಾಯಿತು. ತಪ್ಪಾಯಿತು ಎನ್ನಬೇಕೆಂದು ಅವನ ಹಿಂದೆ ಓಡಿದೆ. ಅಣ್ಣ ಕಂಬಳಿ ಬಿಚ್ಚಿ, ನನ್ನ ಎರಡೂ ಕಿವಿ ಮುಚ್ಚುವಂತೆ ಹೊದಿಸಿದ.

"ತೊಯಿಸ್ಕೋಬ್ಯಾಡ, ಥಂಡಿ ಆಗ್ತದ," ಎಂದು ತಾನು ತೊಯ್ಯುತ್ತ ಮುಂದೆ ನಡೆದ.